ಕರಾವಳಿಯಿಂದ ಅಂಟಾರ್ಕ್ಟಿಕಾಕ್ಕೆ: ಧ್ರುವ ಸಂಶೋಧನಾ ಕೇಂದ್ರಗಳಲ್ಲಿ ಕೆಲಸ ಮಾಡಬಯಸುವವರಿಗೆ ಮಾರ್ಗದರ್ಶಿ

ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಅಂಟಾರ್ಕ್ಟಿಕಾದ ಮಾತು ಬಂದಾಗ ವಿದ್ಯಾರ್ಥಿಗಳು ಮೊದಲು ವಿಚಾರಿಸುವುದು ಅಲ್ಲಿನ ಚಳಿಯನ್ನು. ಆಮೇಲೆ ತುಸು ಸಂಕೋಚದಿಂದ ಕೇಳುವುದು, ‘ನಮ್ಮಂಥವರಿಗೆ ಅಲ್ಲಿಗೆ ಹೋಗಲು ಆಗುತ್ತದೆಯೇ?’ ಎಂದು. ಆಗುತ್ತದೆ. ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿ ಪ್ರತಿ ವರ್ಷ ಒಂದು ತಂಡ ಅಲ್ಲಿಗೆ ಹೊರಡುತ್ತದೆ. ಅದಕ್ಕೆ ಬಹಿರಂಗ ಪ್ರಕಟಣೆಯಿದೆ, ಅರ್ಜಿಯಿದೆ, ಸಂದರ್ಶನವಿದೆ. ಈ ಯಾನಗಳನ್ನು ಯೋಜಿಸಿ ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಅಂದರೆ ಎನ್‌ಸಿಪಿಒಆರ್, ಇರುವುದು ಗೋವಾದ ವಾಸ್ಕೊದಲ್ಲಿ. ದೇಶದ ಹೆಚ್ಚಿನ ಭಾಗದ ಜನರಿಗೆ ಅದು ದೂರದ ಸಂಸ್ಥೆ. ನಮಗಾದರೋ ಕೊಂಕಣ ರೈಲು ಹತ್ತಿ ಮಡಗಾಂವ್‌ನಲ್ಲಿ ಇಳಿದರೆ ಅಲ್ಲಿಂದ ಹತ್ತಿರವೇ.

ಒಂದು ಮಾತನ್ನು ಮೊದಲೇ ಹೇಳಬೇಕು. ಧ್ರುವ ಕೇಂದ್ರವೆಂದರೆ ವಿಜ್ಞಾನಿಗಳ ಊರು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಮೈತ್ರಿಯಂಥ ಕೇಂದ್ರದಲ್ಲಿ ಚಳಿಗಾಲ ಕಳೆಯಲು ಉಳಿಯುವವರು ಸುಮಾರು ಇಪ್ಪತ್ತೈದು ಮಂದಿ. ಅವರಲ್ಲಿ ಜನರೇಟರ್ ನಡೆಸುವವರು, ಬೆಸುಗೆ ಹಾಕುವವರು, ವಾಹನ ರಿಪೇರಿ ಮಾಡುವವರು, ಅಡುಗೆಯವರು, ವೈದ್ಯರು ಇವರೆಲ್ಲ ಸೇರಿದ್ದಾರೆ. ಜನರೇಟರ್ ನಿಂತರೆ ಅಲ್ಲಿ ಉಪಕರಣಗಳಷ್ಟೇ ಅಲ್ಲ, ಮನುಷ್ಯರೂ ಉಳಿಯಲಾರರು. ಆದ್ದರಿಂದ ಈ ಲೇಖನವನ್ನು ಎಂಎಸ್ಸಿ ವಿದ್ಯಾರ್ಥಿಗಳಿಗೆ ಎಷ್ಟೋ ಅಷ್ಟೇ ಐಟಿಐ ಮುಗಿಸಿ ಬೈಕಂಪಾಡಿಯ ಕಾರ್ಖಾನೆಯಲ್ಲೋ ಮಲ್ಪೆಯ ಬೋಟುಗಳ ಎಂಜಿನ್ ಕೆಲಸದಲ್ಲೋ ಇರುವವರಿಗೂ ಬರೆಯುತ್ತಿದ್ದೇನೆ.

ಹಂತ 1: ಕೇಂದ್ರಗಳನ್ನು ಸರಿಯಾಗಿ ಅರಿತುಕೊಳ್ಳಿ

ಭಾರತದ ಮೊದಲ ಅಂಟಾರ್ಕ್ಟಿಕ ಯಾನ ಡಾ. ಎಸ್.ಝಡ್. ಕಾಸಿಂ ಅವರ ನೇತೃತ್ವದಲ್ಲಿ 1981ರ ಡಿಸೆಂಬರ್ 6ರಂದು ಗೋವಾದಿಂದ ‘ಪೋಲಾರ್ ಸರ್ಕಲ್’ ಎಂಬ ಬಾಡಿಗೆ ಹಡಗಿನಲ್ಲಿ ಹೊರಟು, 1982ರ ಜನವರಿ 9ರಂದು ಹಿಮಖಂಡವನ್ನು ಮುಟ್ಟಿತು. ತಂಡದಲ್ಲಿದ್ದವರು 21 ಮಂದಿ. 1983-84ರ ಮೂರನೇ ಯಾನದಲ್ಲಿ ‘ದಕ್ಷಿಣ ಗಂಗೋತ್ರಿ’ ಎಂಬ ಮೊದಲ ಕೇಂದ್ರ ಎದ್ದಿತು. ಸುದೀಪ್ತಾ ಸೇನ್‌ಗುಪ್ತಾ ಮತ್ತು ಅದಿತಿ ಪಂತ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಅಲ್ಲಿಗೆ ಕಾಲಿಟ್ಟದ್ದೂ ಅದೇ ಯಾನದಲ್ಲಿ. ಆ ಕೇಂದ್ರವನ್ನು ಕಟ್ಟಿದ್ದು ಸಮುದ್ರದ ಮೇಲೆ ಚಾಚಿಕೊಂಡ ಹಿಮಹಾಸಿನ ಮೇಲೆ. ವರ್ಷದಿಂದ ವರ್ಷಕ್ಕೆ ಹಿಮ ಬಿದ್ದು, ಗಾಳಿ ತಂದು ರಾಶಿ ಹಾಕಿ, ಕಟ್ಟಡ ಮೆಲ್ಲಮೆಲ್ಲನೆ ಹೂತುಹೋಯಿತು. 1990ರಲ್ಲಿ ಅದನ್ನು ಕೈಬಿಡಬೇಕಾಯಿತು.

ಮುಂದಿನ ಕೇಂದ್ರ ‘ಮೈತ್ರಿ’ಯನ್ನು 1989ರಲ್ಲಿ ಬಂಡೆಯ ನೆಲದ ಮೇಲೆ ಕಟ್ಟಿದ್ದು ಈ ಕಾರಣಕ್ಕೇ. ಹಿಮಹಾಸಿನ ಅಂಚಿನಿಂದ ಸುಮಾರು 100 ಕಿಲೋಮೀಟರ್ ಒಳಗಿರುವ ಶಿರ್ಮಾಕರ್ ಓಯಸಿಸ್ ಎಂಬಲ್ಲಿ, ಹಿಮ ಮುಚ್ಚದ ಗುಡ್ಡಗಳ ನಡುವೆ ಅದು ನಿಂತಿದೆ. ಪಕ್ಕದಲ್ಲಿ ‘ಪ್ರಿಯದರ್ಶಿನಿ’ ಎಂದು ಹೆಸರಿಟ್ಟ ಸಿಹಿನೀರಿನ ಸರೋವರವಿದೆ; ಕೇಂದ್ರದ ನೀರು ಅಲ್ಲಿಂದಲೇ ಬರುತ್ತದೆ. ಮೂರನೆಯದು ‘ಭಾರತಿ’. ಮೈತ್ರಿಯಿಂದ ಸುಮಾರು 3,000 ಕಿಲೋಮೀಟರ್ ಪೂರ್ವಕ್ಕೆ, ಲಾರ್ಸ್‌ಮನ್ ಗುಡ್ಡಗಳಲ್ಲಿ, ಕಡಲಿನ ಪಕ್ಕದಲ್ಲೇ ಇರುವ ಇದು 2012ರ ಮಾರ್ಚ್‌ನಲ್ಲಿ ಆರಂಭವಾಯಿತು. 134 ಸರಕು ಕಂಟೇನರ್‌ಗಳನ್ನು ಒಂದರ ಪಕ್ಕ ಒಂದು, ಒಂದರ ಮೇಲೊಂದು ಜೋಡಿಸಿ, ಹೊರಗೊಂದು ರಕ್ಷಾಕವಚ ತೊಡಿಸಿ, ಇಡೀ ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಗಾಳಿ ಅಡಿಯಿಂದ ಸರಾಗವಾಗಿ ಹಾದುಹೋದರೆ ಹಿಮ ಗೋಡೆಗೆ ಒತ್ತಿ ರಾಶಿಯಾಗುವುದಿಲ್ಲ. ನವಮಂಗಳೂರು ಬಂದರಿನಲ್ಲಿ ಕಂಟೇನರ್ ಸಾಲುಗಳನ್ನು ನೋಡಿದವರಿಗೆ ಆ ಕೇಂದ್ರದ ಒಂದೊಂದು ಕೋಣೆ ಎಷ್ಟಿರಬಹುದೆಂದು ಬೇರೆ ಹೇಳಬೇಕಾಗಿಲ್ಲ.

ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನ್ಯೂ-ಓಲೆಸುಂಡ್‌ನಲ್ಲಿ 2008ರ ಜುಲೈ 1ರಂದು ಆರಂಭವಾದ ‘ಹಿಮಾದ್ರಿ’ ಇದೆ. ಹಿಮಾಲಯದ ಸ್ಪಿತಿಯಲ್ಲಿ 2016ರಿಂದ ‘ಹಿಮಾಂಶ್’ ಎಂಬ ಎತ್ತರದ ಕೇಂದ್ರವೂ ಇದೆ. ಹಿಮನದಿಗಳ ಅಧ್ಯಯನವನ್ನು ದೇಶದೊಳಗೇ ಆರಂಭಿಸಬಯಸುವವರಿಗೆ ಅದು ಒಳ್ಳೆಯ ಮೊದಲ ಮೆಟ್ಟಿಲು.

ಹಂತ 2: ಯಾವ ಬಾಗಿಲಿನಿಂದ ಒಳಹೋಗುವುದೆಂದು ತೀರ್ಮಾನಿಸಿ

ಒಳಹೋಗಲು ಮುಖ್ಯವಾಗಿ ಮೂರು ಬಾಗಿಲುಗಳಿವೆ. ಒಂದೊಂದರ ಅರ್ಹತೆಯೂ ಬೇರೆ, ಕಾಯಬೇಕಾದ ಸಮಯವೂ ಬೇರೆ.

ಮೊದಲನೆಯದು ಸಂಶೋಧನೆಯ ಬಾಗಿಲು. ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳು ತಮ್ಮ ಯೋಜನಾ ಪ್ರಸ್ತಾವಗಳನ್ನು ಎನ್‌ಸಿಪಿಒಆರ್‌ಗೆ ಸಲ್ಲಿಸುತ್ತವೆ. ತಜ್ಞರು ಪರಿಶೀಲಿಸಿ ಒಪ್ಪಿದ ಯೋಜನೆಯ ಸದಸ್ಯರು ಯಾನಕ್ಕೆ ಹೋಗುತ್ತಾರೆ. ವಿದ್ಯಾರ್ಥಿಯೊಬ್ಬ ಒಂಟಿಯಾಗಿ ಅರ್ಜಿ ಹಾಕಿ ಹೋಗುವ ದಾರಿ ಇದಲ್ಲ, ಮಾರ್ಗದರ್ಶಕರ ಯೋಜನೆಯೊಳಗೆ ಸೇರಿ ಹೋಗುವ ದಾರಿ. ಹಾಗಾಗಿ ಪಿಎಚ್‌ಡಿಗೆ ಸೇರುವಾಗಲೇ ಯಾವ ವಿಭಾಗದಲ್ಲಿ ಧ್ರುವ ಸಂಬಂಧಿ ಕೆಲಸ ನಡೆಯುತ್ತದೆ ಎಂದು ವಿಚಾರಿಸಬೇಕು. ಇದಕ್ಕಾಗಿ ನಮ್ಮ ಜಿಲ್ಲೆಗಳನ್ನು ಬಿಟ್ಟು ಹೋಗಲೇಬೇಕೆಂದೇನಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನ ವಿಭಾಗದವರು ಶಿರ್ಮಾಕರ್ ಓಯಸಿಸ್‌ನ ಸರೋವರದ ಕೆಸರಿನ ಕಾಂತೀಯ ಗುಣಗಳನ್ನು ಅಳೆದು, ಅಲ್ಲಿ ಹತ್ತಾರು ಸಾವಿರ ವರ್ಷಗಳ ಹಿಂದಿನಿಂದ ಹವಾಮಾನ ಹೇಗೆ ಬದಲಾಯಿತು ಎಂಬುದನ್ನು ಓದುವ ಕೆಲಸದಲ್ಲಿ ಭಾಗಿಯಾಗಿದ್ದಾರೆ. ಕೆಸರಿನ ಒಂದೊಂದು ಪದರದಲ್ಲಿ ಕಬ್ಬಿಣಾಂಶದ ಖನಿಜಕಣಗಳು ಎಷ್ಟಿವೆ, ಯಾವ ಗಾತ್ರದಲ್ಲಿವೆ ಎಂಬುದು ಆಗ ಹಿಮ ಕರಗಿ ನೀರು ಎಷ್ಟು ಹರಿದು ಬಂದಿತ್ತು ಎಂಬುದರ ಸುಳಿವು ಕೊಡುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್, ಮಣಿಪಾಲದ ಭೂ-ಹವಾಮಾನ ಅಧ್ಯಯನ, ಮಂಗಳೂರಿನ ಮೀನುಗಾರಿಕಾ ಕಾಲೇಜು ಇವೂ ಈ ದಿಕ್ಕಿಗೆ ತಿರುಗಬಹುದಾದ ನೆಲೆಗಳೇ.

ಎರಡನೆಯದು ನಿಯೋಜನೆಯ ಬಾಗಿಲು. ಭಾರತೀಯ ಹವಾಮಾನ ಇಲಾಖೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ, ಭಾರತೀಯ ಭೂಕಾಂತತ್ವ ಸಂಸ್ಥೆ, ಇಸ್ರೊ ಮುಂತಾದವು ತಮ್ಮ ಸಿಬ್ಬಂದಿಯನ್ನೇ ಕಳುಹಿಸುತ್ತವೆ. ಭಾರತಿಯಲ್ಲಿ ಇಸ್ರೊ ಉಪಗ್ರಹಗಳ ದತ್ತಾಂಶ ಇಳಿಸಿಕೊಳ್ಳುವ ಭೂಕೇಂದ್ರವಿದೆ. ಧ್ರುವದ ಮೇಲಿಂದ ಸುತ್ತುವ ಉಪಗ್ರಹಗಳು ಧ್ರುವದ ಬಳಿ ಮತ್ತೆ ಮತ್ತೆ ಹಾದುಹೋಗುವುದರಿಂದ ಆ ಜಾಗಕ್ಕೆ ವಿಶೇಷ ಬೆಲೆ. ಅಲ್ಲಿಗೆ ನಿಯೋಜಿತರಾದ ಇಸ್ರೊದ ಮಂಗಳಾ ಮಣಿ ಅವರು 2016-17ರಲ್ಲಿ 403 ದಿನ ಹಿಮಖಂಡದಲ್ಲಿದ್ದು ಬಂದರು. ಆಗ ಅವರ ವಯಸ್ಸು 56, ಆ ತಂಡದಲ್ಲಿದ್ದ ಏಕೈಕ ಮಹಿಳೆ ಅವರು. ವಯಸ್ಸು ಕಳೆಯಿತು ಎಂದೋ ಹೆಣ್ಣುಮಕ್ಕಳಿಗಲ್ಲ ಎಂದೋ ಮನೆಯಲ್ಲಿ ಹೇಳುವವರಿದ್ದರೆ ಈ ಉದಾಹರಣೆಯನ್ನು ಅವರ ಮುಂದಿಡಿ.

ಮೂರನೆಯದು ಕಸುಬಿನ ಬಾಗಿಲು. ನಮ್ಮ ಕರಾವಳಿಯವರು ಕಡೆಗಣಿಸಿರುವುದು ಇದನ್ನೇ ಎಂದು ನನ್ನ ಅನಿಸಿಕೆ. ಎನ್‌ಸಿಪಿಒಆರ್ ತನ್ನ ಕೇಂದ್ರಗಳಿಗಾಗಿ ವಾಹನ ಮೆಕ್ಯಾನಿಕ್, ವಾಹನ ಎಲೆಕ್ಟ್ರಿಷಿಯನ್, ಜನರೇಟರ್ ಮೆಕ್ಯಾನಿಕ್, ಕ್ರೇನ್ ಮತ್ತು ಅಗೆಯುವ ಯಂತ್ರಗಳ ಚಾಲಕ, ವೆಲ್ಡರ್, ಬಾಯ್ಲರ್ ಕೆಲಸಗಾರ, ಬಡಗಿ, ನರ್ಸ್, ಅಡುಗೆಯವರು ಮುಂತಾದ ಹುದ್ದೆಗಳಿಗೆ ಗುತ್ತಿಗೆ ಆಧಾರದಲ್ಲಿ ನೇರ ಸಂದರ್ಶನ ನಡೆಸುತ್ತದೆ. ಶಸ್ತ್ರಚಿಕಿತ್ಸೆ ಬಲ್ಲ ವೈದ್ಯರಿಗೂ ಕರೆ ಇರುತ್ತದೆ. ಆಳಸಮುದ್ರಕ್ಕೆ ಹೋಗುವ ಬೋಟಿನ ಡೀಸೆಲ್ ಎಂಜಿನ್ ಕಡಲ ನಡುವೆ ಕೆಟ್ಟಾಗ, ಬಿಡಿಭಾಗ ತರಲು ಅಂಗಡಿಯಿಲ್ಲದ ಕಡೆ, ಇದ್ದುದರಲ್ಲೇ ಹೊಂದಿಸಿ ದಡ ಮುಟ್ಟಿಸಿದ ಅನುಭವ ಮಲ್ಪೆ, ಗಂಗೊಳ್ಳಿ, ಬಂದರಿನ ಎಷ್ಟೋ ಯುವಕರಿಗಿದೆ. ಧ್ರುವ ಕೇಂದ್ರ ಬೇಡುವುದು ಬಹುಮಟ್ಟಿಗೆ ಅದೇ ಗುಣವನ್ನು. ಮಾರ್ಚ್‌ನಲ್ಲಿ ಹಡಗು ಮರಳಿದ ಮೇಲೆ ಅಲ್ಲಿನ ಮುಂದಿನ ಬೇಸಿಗೆಯವರೆಗೆ, ಅಂದರೆ ನಮ್ಮ ಚಳಿಗಾಲದವರೆಗೆ, ಒಂದು ಬೋಲ್ಟ್ ಕೂಡ ಹೊರಗಿನಿಂದ ಬರುವುದಿಲ್ಲ.

ಹಂತ 3: ಕಾಗದಪತ್ರ ಮತ್ತು ಅರ್ಜಿ

ಐಟಿಐ ಅಥವಾ ಡಿಪ್ಲೊಮಾ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ ಕೈಚಳಕ ಎಷ್ಟಿದ್ದರೂ ಸಂದರ್ಶನದ ಬಾಗಿಲು ತೆರೆಯುವುದು ಕಷ್ಟ. ಗ್ಯಾರೇಜಿನಲ್ಲಿ ಕಲಿತು ಬೆಳೆದವರು ಕದ್ರಿಯ ಐಟಿಐ ಅಥವಾ ಕರ್ನಾಟಕ ಪಾಲಿಟೆಕ್ನಿಕ್‌ನಂಥಲ್ಲಿ ಔಪಚಾರಿಕ ಅರ್ಹತೆ ಪಡೆಯುವ ದಾರಿಯನ್ನು ಮೊದಲು ನೋಡಿಕೊಳ್ಳಿ. ಕೆಲಸದ ಅನುಭವ ಪತ್ರದಲ್ಲಿ ‘ಮೆಕ್ಯಾನಿಕ್ ಆಗಿ ಕೆಲಸ ಮಾಡಿದ್ದಾರೆ’ ಎಂದಷ್ಟೇ ಬರೆಸದೆ, ಯಾವ ಸಾಮರ್ಥ್ಯದ ಜನರೇಟರ್, ಯಾವ ಬಗೆಯ ಹೈಡ್ರಾಲಿಕ್ ವ್ಯವಸ್ಥೆ, ಯಾವ ಕಂಪನಿಯ ಎಂಜಿನ್ ಎಂದು ವಿವರವಾಗಿ ಬರೆಸಿಕೊಳ್ಳಿ. ಆಯ್ಕೆ ಸಮಿತಿ ನೋಡುವುದು ಆ ವಿವರವನ್ನು.

ವಿಜ್ಞಾನದ ವಿದ್ಯಾರ್ಥಿಗಳು ಭೂ, ವಾಯುಮಂಡಲ, ಸಾಗರ ಮತ್ತು ಗ್ರಹ ವಿಜ್ಞಾನ ವಿಷಯದ ಸಿಎಸ್‌ಐಆರ್-ನೆಟ್ ಅಥವಾ ಗೇಟ್ ಬರೆದಿದ್ದರೆ ಸಂಶೋಧನಾ ಫೆಲೋ ಹುದ್ದೆಗೆ ಅನುಕೂಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದಿದವರೂ ಬೇಕಾಗುತ್ತಾರೆ. ಹಿಮದ ಕೆಲಸಕ್ಕೆ ಭೂವಿಜ್ಞಾನ ಮಾತ್ರ ಸಾಕು ಎಂದುಕೊಳ್ಳಬೇಡಿ.

ಪಾಸ್‌ಪೋರ್ಟ್ ಮೊದಲೇ ಮಾಡಿಸಿಡಿ. ಅಂಟಾರ್ಕ್ಟಿಕಾಕ್ಕೆ ಹೋಗಲು ವೀಸಾ ಎಂಬುದಿಲ್ಲವಾದರೂ ದಾರಿಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸಿಗುತ್ತದೆ. ಜೊತೆಗೆ 2022ರ ಭಾರತೀಯ ಅಂಟಾರ್ಕ್ಟಿಕ ಕಾಯ್ದೆಯ ಪ್ರಕಾರ ಯಾನಕ್ಕೆ ಪರವಾನಗಿ ಬೇಕು. ಅದನ್ನು ಪಡೆಯುವುದು ಸಂಘಟಕರ ಹೊಣೆ, ಅದರ ಷರತ್ತುಗಳನ್ನು ಪಾಲಿಸುವುದು ಮಾತ್ರ ನಿಮ್ಮದು.

ಪ್ರಕಟಣೆಗಳನ್ನು ಎನ್‌ಸಿಪಿಒಆರ್ ಮತ್ತು ಭೂವಿಜ್ಞಾನ ಸಚಿವಾಲಯದ ಜಾಲತಾಣಗಳಲ್ಲಿ ನೇರವಾಗಿ ನೋಡಿ. ಯಾನ ಹೊರಡುವುದು ಅಕ್ಟೋಬರ್-ನವೆಂಬರ್ ಸುಮಾರಿಗೆ. ವೈದ್ಯಕೀಯ ತಪಾಸಣೆ, ತರಬೇತಿ, ಸರಕು ಸಾಗಣೆ ಎಲ್ಲವೂ ಅದಕ್ಕೂ ಮೊದಲು ಮುಗಿಯಬೇಕಾಗಿರುವುದರಿಂದ ಆಯ್ಕೆ ತಿಂಗಳುಗಟ್ಟಲೆ ಮುಂಚೆಯೇ ನಡೆಯುತ್ತದೆ. ಅಂಟಾರ್ಕ್ಟಿಕಾದಲ್ಲಿ ಕೆಲಸ ಕೊಡಿಸುತ್ತೇನೆಂದು ಯಾವ ಏಜೆಂಟ್ ಹಣ ಕೇಳಿದರೂ ಕೊಡಬೇಡಿ. ಗಲ್ಫ್ ವೀಸಾದ ಹೆಸರಿನಲ್ಲಿ ಹಣ ಕಳೆದುಕೊಂಡ ಮನೆಗಳು ನಮ್ಮ ಎರಡೂ ಜಿಲ್ಲೆಗಳಲ್ಲಿ ಸಾಕಷ್ಟಿವೆ.

ಹಂತ 4: ದೇಹವನ್ನು ಸಿದ್ಧಗೊಳಿಸಿ

ಆಯ್ಕೆಯಾದವರಿಗೆ ದೆಹಲಿಯ ಏಮ್ಸ್‌ನಲ್ಲಿ ವಿವರವಾದ ವೈದ್ಯಕೀಯ ಪರೀಕ್ಷೆಯಿರುತ್ತದೆ. ಚಳಿಗಾಲ ಪೂರ್ತಿ ಉಳಿಯುವವರಿಗೆ ಮಾನಸಿಕ ಪರೀಕ್ಷೆಯೂ ಸೇರುತ್ತದೆ. ಆಮೇಲೆ ಉತ್ತರಾಖಂಡದ ಔಲಿಯಲ್ಲಿರುವ ಭಾರತ-ಟಿಬೆಟ್ ಗಡಿ ಪೊಲೀಸ್ ಪಡೆಯ ಪರ್ವತಾರೋಹಣ ಸಂಸ್ಥೆಯಲ್ಲಿ ಹಿಮದ ತರಬೇತಿ. ಹಗ್ಗ ಹಿಡಿದು ನಡೆಯುವುದು, ಹಿಮಬಿರುಕಿಗೆ ಬಿದ್ದವರನ್ನು ಎತ್ತುವುದು, ಡೇರೆ ಹಾಕುವುದು ಇವನ್ನೆಲ್ಲ ಅಲ್ಲಿ ಕಲಿಸುತ್ತಾರೆ. ಹಾಗಾಗಿ ಮಂಗಳೂರಿನ ಸೆಕೆಯಲ್ಲಿ ಕುಳಿತು ಚಳಿಯನ್ನು ಅಭ್ಯಾಸ ಮಾಡುವುದು ಹೇಗೆ ಎಂದು ಚಿಂತಿಸಬೇಕಾಗಿಲ್ಲ. ಇಲ್ಲಿ ಮಾಡಬೇಕಾದದ್ದು ಬೇರೆ: ಹೃದಯ ಮತ್ತು ಶ್ವಾಸಕೋಶದ ಕಸುವು ಹೆಚ್ಚಿಸುವ ನಡಿಗೆ, ಈಜು, ಬೆನ್ನು ಮತ್ತು ಮಂಡಿಯ ಬಲ, ರಕ್ತದೊತ್ತಡ, ಸಕ್ಕರೆಯ ತಪಾಸಣೆ.

ಹಲ್ಲನ್ನು ಮರೆಯಬೇಡಿ. ಅಲ್ಲಿ ಪ್ರತ್ಯೇಕ ದಂತವೈದ್ಯರಿರುವುದಿಲ್ಲ. ಇಲ್ಲಿ ಒಂದು ಭೇಟಿಯಲ್ಲಿ ಮುಗಿಯುವ ಹುಳುಕು ಅಲ್ಲಿ ವಾರಗಟ್ಟಲೆಯ ಯಾತನೆಯಾಗಬಹುದು.

ವೈದ್ಯಕೀಯ ಪರೀಕ್ಷೆ ಏಕೆ ಅಷ್ಟು ಬಿಗಿ ಎಂಬುದಕ್ಕೆ ಮೈತ್ರಿಯ ನೆರೆಯಲ್ಲೇ ಒಂದು ಉದಾಹರಣೆಯಿದೆ. ಅದೇ ಶಿರ್ಮಾಕರ್ ಓಯಸಿಸ್‌ನಲ್ಲಿ 1961ರಲ್ಲಿ ಸೋವಿಯತ್ ಒಕ್ಕೂಟ ನೊವೊಲಜರೆವ್ಸ್ಕಯಾ ಎಂಬ ಕೇಂದ್ರ ತೆರೆಯಿತು. ಆ ಮೊದಲ ಚಳಿಗಾಲದಲ್ಲೇ, ಏಪ್ರಿಲ್ ಕೊನೆಯಲ್ಲಿ, ತಂಡದ ಒಬ್ಬನೇ ವೈದ್ಯ ಲಿಯೊನಿಡ್ ರೊಗೊಜೊವ್ ಅವರಿಗೆ ಅಪೆಂಡಿಸೈಟಿಸ್ ಆಯಿತು. ಹಿಮಬಿರುಗಾಳಿಯಲ್ಲಿ ವಿಮಾನ ಬರುವಂತಿರಲಿಲ್ಲ. 27 ವರ್ಷದ ಅವರು ಸ್ಥಳೀಯ ಅರಿವಳಿಕೆ ಪಡೆದು ತಮ್ಮ ಹೊಟ್ಟೆಯನ್ನು ತಾವೇ ಕೊಯ್ದು ಅಪೆಂಡಿಕ್ಸ್ ತೆಗೆದರು. ಆಗ ಉಪಕರಣ ಕೈಗೆ ಕೊಟ್ಟವರು ಒಬ್ಬ ಹವಾಮಾನ ತಜ್ಞ. ಕನ್ನಡಿ ಹಿಡಿದು ನಿಂತವರು ಒಬ್ಬ ಮೆಕ್ಯಾನಿಕ್. ಎರಡು ವಾರಗಳ ಸುಮಾರಿಗೆ ಅವರು ಕೆಲಸಕ್ಕೆ ಮರಳಿದರು. ಈಗ ಉಪಗ್ರಹ ಸಂಪರ್ಕದಿಂದ ತಜ್ಞರ ಸಲಹೆ ಸಿಗುತ್ತದೆ, ಆದರೆ ಚಳಿಗಾಲದಲ್ಲಿ ರೋಗಿಯನ್ನು ಹೊರತರುವುದು ಇಂದಿಗೂ ಬಹು ಕಷ್ಟ. ಇರುವ ಕಾಯಿಲೆಯನ್ನು ಮುಚ್ಚಿಟ್ಟು ಹೋಗುವವನು ತನ್ನನ್ನಷ್ಟೇ ಅಲ್ಲ, ಉಳಿದವರೆಲ್ಲರನ್ನೂ ಅಪಾಯಕ್ಕೆ ಒಡ್ಡುತ್ತಾನೆ.

ಹಂತ 5: ಚೀಲ ಕಟ್ಟುವ ಮುನ್ನ ಪಾದರಕ್ಷೆ ತೊಳೆಯಿರಿ

ಈ ಹಂತಕ್ಕೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ಇದು ಪೂರ್ತಿಯಾಗಿ ನಮ್ಮ ಕೈಯಲ್ಲೇ ಇರುವಂಥದ್ದು. 1991ರಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಮ್ಯಾಡ್ರಿಡ್ ಒಪ್ಪಂದ ಅಂಟಾರ್ಕ್ಟಿಕಾವನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಾದ ನಿಸರ್ಗಧಾಮವೆಂದು ಘೋಷಿಸಿದೆ. ಹೊರಗಿನ ಗಿಡ, ಪ್ರಾಣಿ, ಸೂಕ್ಷ್ಮಜೀವಿಗಳನ್ನು ಒಯ್ಯುವಂತಿಲ್ಲ. ಕ್ರಿಮಿನಾಶಕ, ಪ್ಯಾಕಿಂಗ್‌ಗೆ ಬಳಸುವ ಥರ್ಮಾಕೋಲ್ ಮಣಿಗಳು, ಶುದ್ಧೀಕರಿಸದ ಮಣ್ಣು ಇವೆಲ್ಲ ನಿಷಿದ್ಧ. ಒಂದು ಕಾಲದಲ್ಲಿ ಜಾರುಬಂಡಿ ಎಳೆಯುತ್ತಿದ್ದ ನಾಯಿಗಳನ್ನೂ 1994ರೊಳಗೆ ಅಲ್ಲಿಂದ ಹೊರಕ್ಕೆ ಸಾಗಿಸಲಾಯಿತು.

ನಮ್ಮ ಊರಿನ ಬೂಟಿನ ಅಡಿಯನ್ನು ಒಮ್ಮೆ ತಿರುಗಿಸಿ ನೋಡಿ. ಅಚ್ಚುಗಳ ಸಂದಿಯಲ್ಲಿ ಮುರಕಲ್ಲಿನ ಕೆಂಪುಮಣ್ಣು ಗಟ್ಟಿಯಾಗಿ ಕೂತಿರುತ್ತದೆ; ಲೇಸಿನ ನೂಲಿನಲ್ಲಿ ಹುಲ್ಲಿನ ಮುಳ್ಳು, ಕಾಲುಚೀಲದ ಹೆಣಿಗೆಯಲ್ಲಿ ಉತ್ತರಾಣಿಯ ಬೀಜ ಸಿಕ್ಕಿಕೊಂಡಿರುತ್ತದೆ. ಜಾಕೆಟಿನ ವೆಲ್ಕ್ರೊ ಪಟ್ಟಿಯನ್ನು ಬಿಡಿಸಿದರೆ ಅದರ ಕೊಕ್ಕೆಗಳ ನಡುವೆಯೂ ಬೀಜ ಕಾಣಬಹುದು. ಹೀಗೆ ಬಟ್ಟೆಬರೆಗೆ ಅಂಟಿ ಬರುವ ಬೀಜಗಳು ಅಂಟಾರ್ಕ್ಟಿಕಾದ ಹಿಮರಹಿತ ನೆಲಕ್ಕೆ ದೊಡ್ಡ ಅಪಾಯ. ಕ್ರಮ ಹೀಗಿರಲಿ: ಬೂಟನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ, ಸಂದಿಗಳನ್ನು ಕಡ್ಡಿಯಿಂದ ಕೆರೆದು, ತೊಳೆದು, ಪೂರ್ತಿ ಒಣಗಿಸಿ. ಜೇಬು, ಹೊಲಿಗೆ, ಚೀಲದ ಮೂಲೆಗಳನ್ನು ಒಳಮಗ್ಗುಲು ತಿರುಗಿಸಿ ವ್ಯಾಕ್ಯೂಮ್ ಹಾಕಿ. ವೆಲ್ಕ್ರೊವನ್ನು ಚಿಮಟದಿಂದ ಬಿಡಿಸಿ. ಕ್ಯಾಮೆರಾದ ಮುಕ್ಕಾಲಿಯ ಕಾಲುಗಳನ್ನೂ ಬಿಡಬೇಡಿ. ಮಳೆಗಾಲ ಮುಗಿಯುತ್ತಲೇ ಹೊರಡುವ ಯಾನವಾದ್ದರಿಂದ ನಮ್ಮವರ ಬಟ್ಟೆಯಲ್ಲಿ ಬೂಷ್ಟು ಇರುವ ಸಂಭವವೂ ಹೆಚ್ಚು. ಆದಷ್ಟು ಹೊಸ ಅಥವಾ ಚೆನ್ನಾಗಿ ಒಗೆದ ಬಟ್ಟೆಗಳನ್ನೇ ಒಯ್ಯಿರಿ.

ಧ್ರುವದ ಹೊರ ಉಡುಪು ಸಂಘಟಕರಿಂದ ಸಿಗುತ್ತದೆ. ಒಳಗೆ ಹತ್ತಿ ಬಟ್ಟೆ ಬೇಡ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಬಟ್ಟೆ ದೇಹದ ಶಾಖವನ್ನು ಕಸಿಯುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಒಳಪದರ, ನಡುವೆ ಶಾಖ ಹಿಡಿಯುವ ಪದರ, ಹೊರಗೆ ಗಾಳಿ ತಡೆಯುವ ಪದರ ಎಂಬ ಮೂರು ಪದರಗಳ ಲೆಕ್ಕ ನೆನಪಿರಲಿ. ನೇರಳಾತೀತ ಕಿರಣ ತಡೆಯುವ ಕಪ್ಪು ಕನ್ನಡಕ, ತುಟಿಗೆ ಮುಲಾಮು, ತೇವ ಉಳಿಸುವ ಕ್ರೀಮ್ ಅಗತ್ಯ. ಅಲ್ಲಿನ ಗಾಳಿಯಲ್ಲಿ ತೇವಾಂಶ ತೀರಾ ಕಡಿಮೆ; ವರ್ಷವಿಡೀ ಒದ್ದೆ ಗಾಳಿಯಲ್ಲಿ ಬೆಳೆದ ನಮ್ಮ ಚರ್ಮ ಬೇಗ ಬಿರಿಯುತ್ತದೆ.

ಹಂತ 6: ಪಯಣ ಮತ್ತು ಅಲ್ಲಿನ ದಿನಚರಿ

ಮೈತ್ರಿಗೆ ಹೋಗುವವರಲ್ಲಿ ಹಲವರು ಈಗ ಕೇಪ್‌ಟೌನ್‌ನಿಂದ ವಿಮಾನದಲ್ಲಿ ಹೋಗಿ ನೊವೊಲಜರೆವ್ಸ್ಕಯಾ ಬಳಿಯ ನೀಲಿ ಹಿಮದ ಓಡುದಾರಿಯಲ್ಲಿ ಇಳಿಯುತ್ತಾರೆ. ಸರಕು ಮತ್ತು ಉಳಿದವರು ಹಿಮ ಸೀಳಿ ಸಾಗಬಲ್ಲ ಬಾಡಿಗೆ ಹಡಗಿನಲ್ಲಿ. ದಕ್ಷಿಣ ಅಕ್ಷಾಂಶ 40 ದಾಟಿದ ಮೇಲೆ ಗಾಳಿಗೆ ಅಡ್ಡವಾಗಿ ನೆಲವೇ ಇಲ್ಲದ ಕಡಲು ಎದುರಾಗುತ್ತದೆ. ಆಟಿ ತಿಂಗಳ ಕಡಲನ್ನು ದಡದಿಂದ ನೋಡಿದವರೂ ಅದಕ್ಕೆ ಸಿದ್ಧರಿರುವುದಿಲ್ಲ. ವಾಂತಿಯ ಮಾತ್ರೆಯನ್ನು ವಾಂತಿ ಶುರುವಾಗುವ ಮೊದಲೇ ತೆಗೆದುಕೊಳ್ಳಿ. ಹಿಮಹಾಸಿನ ಅಂಚಿನಲ್ಲಿ ಇಳಿಸಿದ ಸರಕನ್ನು ಪಟ್ಟೆಚಕ್ರದ ಹಿಮವಾಹನಗಳು ಜಾರುಬಂಡಿಗಳ ಸಾಲಾಗಿ ಮೈತ್ರಿಗೆ ಎಳೆದೊಯ್ಯುತ್ತವೆ.

ಅಲ್ಲಿ ಮೂರು ಸಂಗತಿಗಳ ಮೇಲೆ ಸದಾ ಗಮನವಿರಬೇಕು. ಮೊದಲನೆಯದು ಬೆಂಕಿ. ಹಿಮದ ನಾಡಿನಲ್ಲಿ ಬೆಂಕಿಯ ಭಯವೇ ಎಂದು ಆಶ್ಚರ್ಯವಾಗಬಹುದು. ಒಣಗಾಳಿ, ಜೋರುಗಾಳಿ, ಇಂಧನದ ಸಂಗ್ರಹ ಇವು ಒಂದೆಡೆ ಸೇರಿದಾಗ ಕಿಡಿಯೊಂದು ಸಾಕು. ನಂದಿಸಲು ಹರಿಯುವ ನೀರು ಹೇರಳವಾಗಿಲ್ಲ, ಓಡಿಹೋಗಲು ಬೇರೆ ಮನೆಯಿಲ್ಲ. ಅಗ್ನಿ ಅಭ್ಯಾಸಕ್ಕೆ ಗಂಟೆ ಬಾರಿಸಿದಾಗ ಯಾರೂ ಸೋಮಾರಿತನ ತೋರಿಸುವುದಿಲ್ಲ.

ಎರಡನೆಯದು ನೀರು. ಮೈತ್ರಿಯಲ್ಲಿ ಸರೋವರದಿಂದ ನೀರೆತ್ತುವ ಕೊಳವೆ ಹೆಪ್ಪುಗಟ್ಟದಂತೆ ಬಿಸಿಯಾಗಿಡಬೇಕು. ಭಾರತಿಯಲ್ಲಿ ಸಮುದ್ರದ ನೀರನ್ನು ಸೋಸಿ ಸಿಹಿ ಮಾಡಬೇಕು. ಎರಡಕ್ಕೂ ವಿದ್ಯುತ್ ಬೇಕು, ವಿದ್ಯುತ್ತಿಗೆ ಹಡಗಿನಲ್ಲಿ ಬಂದ ಇಂಧನ ಬೇಕು. ಒಂದು ಬಕೆಟ್ ನೀರಿನ ಹಿಂದೆ ಇಷ್ಟೊಂದು ಯಂತ್ರಗಳಿವೆ ಎಂದು ತಿಳಿದವನು ಸ್ನಾನದ ಸಮಯವನ್ನು ತಾನಾಗಿಯೇ ಕಡಿಮೆ ಮಾಡುತ್ತಾನೆ.

ಮೂರನೆಯದು ಗಾಳಿ. ಖಂಡದ ಒಳಗಿನ ಎತ್ತರದ ಹಿಮಪ್ರಸ್ಥಭೂಮಿಯ ಮೇಲೆ ತಣಿದು ಭಾರವಾದ ಗಾಳಿ ಇಳಿಜಾರಿನಲ್ಲಿ ಕಡಲಿನತ್ತ ಜಾರಿ ಬರುತ್ತದೆ. ಖಂಡದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ, 1983ರ ಜುಲೈ 21ರಂದು ವೊಸ್ಟಾಕ್ ಕೇಂದ್ರದಲ್ಲಿ ಅಳೆದ ಮೈನಸ್ 89.2 ಡಿಗ್ರಿ ಸೆಲ್ಸಿಯಸ್, ಆ ಎತ್ತರದ ಒಳನಾಡಿನದು. ಕರಾವಳಿಗೆ ಹತ್ತಿರವಿರುವ ನಮ್ಮ ಕೇಂದ್ರಗಳಲ್ಲಿ ಅಷ್ಟು ಚಳಿಯಿಲ್ಲ, ಆದರೆ ಗಾಳಿಯೊಂದಿಗೆ ಸೇರಿದ ಮೈನಸ್ 20 ಕೂಡ ಬರಿಯ ಚರ್ಮವನ್ನು ಬೇಗ ಸಾಯಿಸುತ್ತದೆ. ಹೊರಗೆ ಹೋಗುವಾಗ ಹೆಸರು, ದಿಕ್ಕು, ಮರಳುವ ಸಮಯ ಬರೆದಿಟ್ಟು, ರೇಡಿಯೊ ಹಿಡಿದು, ಜೊತೆಗೊಬ್ಬರನ್ನು ಕರೆದುಕೊಂಡೇ ಹೋಗಿ. ಒಬ್ಬರ ಮೂಗು, ಕೆನ್ನೆಯನ್ನು ಇನ್ನೊಬ್ಬರು ನೋಡುತ್ತಿರಬೇಕು. ಹಿಮಕಡಿತದ ಬಿಳಿ ಮಚ್ಚೆ ತನಗೆ ತಾನೇ ಕಾಣಿಸುವುದಿಲ್ಲ, ನೋವೂ ಆಗುವುದಿಲ್ಲ. ಬೆವರುವಷ್ಟು ವೇಗವಾಗಿ ಕೆಲಸ ಮಾಡಬೇಡಿ. ಕ್ಯಾಮೆರಾದ ಬ್ಯಾಟರಿಯನ್ನು ಒಳಜೇಬಿನಲ್ಲಿಡಿ. ಒಳಬರುವ ಮೊದಲು ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲಿ ಕಟ್ಟದಿದ್ದರೆ ಗಾಜಿನೊಳಗೆ ನೀರು ಕೂರುತ್ತದೆ.

ಅಡುಗೆಯವರ ಬಗ್ಗೆ ಒಂದು ಮಾತು. ಸುಮಾರು ಎರಡು ತಿಂಗಳು ಸೂರ್ಯನೇ ಮೇಲೇರದ ಚಳಿಗಾಲದಲ್ಲಿ, ಅದೇ ಮುಖಗಳ ನಡುವೆ, ದಿನಕ್ಕೊಂದು ಆಕಾರ ಕೊಡುವುದು ಊಟದ ಹೊತ್ತು. ಹಸಿ ತರಕಾರಿ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಉಳಿದದ್ದು ಶೈತ್ಯೀಕರಿಸಿದ್ದು, ಒಣಗಿಸಿದ್ದು, ಡಬ್ಬಿಯದು. ಬೇಳೆ, ಅಕ್ಕಿ, ಒಣಮೆಣಸು, ಹುಣಸೆಯಲ್ಲೇ ಹತ್ತು ಬಗೆ ಮಾಡಬಲ್ಲ ಉಡುಪಿಯ ಅಡುಗೆಯವರಿಗೆ ಇದು ಹೇಳಿ ಮಾಡಿಸಿದ ಕೆಲಸ. ನಿದ್ದೆ ಕೆಡುವುದು, ಸಿಡುಕು, ಮರೆವು ಈ ಅವಧಿಯಲ್ಲಿ ಹಲವರಿಗೆ ಬರುತ್ತವೆ. ಮುನಿಸು ಬಂದಾಗ ಕೋಣೆ ಸೇರಿಕೊಳ್ಳುವ ಬದಲು ಊಟದ ಮೇಜಿಗೆ ತಪ್ಪದೆ ಬರುವುದು ಚಳಿಗಾಲ ಕಳೆದವರೆಲ್ಲ ಪಾಲಿಸುವ ರೂಢಿ. ಅಲ್ಲಿ ಮನೆಯ ಸಂಕಟದ ಸುದ್ದಿ ಬಂದರೂ ಮರಳಲು ಆಗುವುದಿಲ್ಲ ಎಂಬುದನ್ನು ಹೊರಡುವ ಮೊದಲೇ ಮನೆಯವರೊಂದಿಗೆ ಕುಳಿತು ಮಾತಾಡಿ. ವಯಸ್ಸಾದ ತಂದೆತಾಯಿ ಇರುವವರು ಈ ಮಾತನ್ನು ತಪ್ಪಿಸಬಾರದು.

ವಿಜ್ಞಾನದ ಕೆಲಸವೂ ಬಹುಪಾಲು ದಿನನಿತ್ಯದ ಅಳತೆಯೇ. ಬ್ರಿಟನ್ನಿನ ಹ್ಯಾಲಿ ಕೇಂದ್ರದಲ್ಲಿ 1950ರ ದಶಕದಿಂದ ಯಾರೂ ವಿಶೇಷವಾಗಿ ಗಮನಿಸದಿದ್ದರೂ ಓಜೋನ್ ಅಳತೆ ವರ್ಷ ವರ್ಷವೂ ಸಾಗಿತ್ತು. ಆ ಉದ್ದನೆಯ ದಾಖಲೆ ಇದ್ದುದರಿಂದಲೇ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ 1985ರಲ್ಲಿ ಓಜೋನ್ ಪದರ ವಸಂತದಲ್ಲಿ ತೆಳುವಾಗುತ್ತಿರುವುದನ್ನು ತೋರಿಸಲು ಸಾಧ್ಯವಾಯಿತು. ಎರಡೇ ವರ್ಷದಲ್ಲಿ, ಓಜೋನ್ ಕೆಡಿಸುವ ರಾಸಾಯನಿಕಗಳನ್ನು ನಿಯಂತ್ರಿಸುವ ಮಾಂಟ್ರಿಯಲ್ ಒಪ್ಪಂದ ಬಂತು. ಹಾಗಾಗಿ ನಿಗದಿತ ಹೊತ್ತಿನ ಒಂದು ಅಳತೆಯನ್ನು ಗಾಳಿಯ ನೆಪ ಹೇಳಿ ಬಿಡುವ ಮುನ್ನ ಯೋಚಿಸಿ. ಬಿಟ್ಟ ಅಂಕಿಯನ್ನು ಆಮೇಲೆ ಯಾರೂ ತುಂಬಲಾರರು.

ಹಂತ 7: ವರ್ಷ ಕಳೆಯಲಾಗದವರಿಗೆ ಹಿಮಾದ್ರಿ

ಕೆಲವು ವಾರಗಳ ಕ್ಷೇತ್ರಕಾರ್ಯ ಸಾಕು ಎನ್ನುವ ಸಂಶೋಧಕರಿಗೆ ಆರ್ಕ್ಟಿಕ್ ಅನುಕೂಲ. ಓಸ್ಲೊ ಮೂಲಕ ಲಾಂಗ್‌ಇಯರ್‌ಬೀನ್, ಅಲ್ಲಿಂದ ಪುಟ್ಟ ವಿಮಾನದಲ್ಲಿ ನ್ಯೂ-ಓಲೆಸುಂಡ್. ಸ್ವಾಲ್ಬಾರ್ಡ್ ನಾರ್ವೆಯದೇ ಆದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದ ಹೊರಗಿದೆ. ಮರಳುವಾಗ ಮತ್ತೆ ಷೆಂಗೆನ್ ಒಳಗೆ ಬರಬೇಕಾಗುವುದರಿಂದ ಒಂದೇ ಪ್ರವೇಶದ ವೀಸಾ ಸಾಲದು, ಎರಡು ಅಥವಾ ಹಲವು ಪ್ರವೇಶದ ವೀಸಾ ಕೇಳಿ. ಅಲ್ಲಿನ ಸೂಕ್ಷ್ಮ ರೇಡಿಯೊ ಉಪಕರಣಗಳಿಗೆ ತೊಂದರೆಯಾಗದಂತೆ ವೈಫೈ, ಬ್ಲೂಟೂತ್ ಬಳಕೆ ನಿಷಿದ್ಧ. ತಂತಿರಹಿತ ಮೌಸ್, ಇಯರ್‌ಫೋನ್‌ಗಳನ್ನು ಮನೆಯಲ್ಲೇ ಬಿಟ್ಟು ತಂತಿಯವನ್ನು ಒಯ್ಯಿರಿ. ಊರಿನ ಗಡಿ ದಾಟುವವರಿಗೆ ಹಿಮಕರಡಿಯಿಂದ ರಕ್ಷಣೆಗಾಗಿ ಬಂದೂಕಿನ ತರಬೇತಿಯಿದೆ, ಮತ್ತು ಕರಡಿ ಕಂಡರೆ ಯಾರಾದರೂ ಒಳನುಗ್ಗಲು ಆಗುವಂತೆ ಅಲ್ಲಿ ಬಾಗಿಲುಗಳಿಗೆ ಬೀಗ ಹಾಕುವುದಿಲ್ಲ. 2023ರ ಡಿಸೆಂಬರ್‌ನಿಂದ ಭಾರತ ಚಳಿಗಾಲದಲ್ಲೂ ಅಲ್ಲಿಗೆ ತಂಡ ಕಳುಹಿಸತೊಡಗಿದೆ.

ಹಂತ 8: ಮರಳುವಾಗ

ಮಾದರಿಗಳ ಮೇಲಿನ ಬರಹ ಚಳಿಯಲ್ಲಿ ಅಳಿಸದಂಥ ಶಾಯಿಯದಾಗಿರಲಿ. ಪ್ರತಿ ಚೀಲದ ಹೊರಗೂ ಒಳಗೂ ಚೀಟಿಯಿರಲಿ. ಹಿಮದ ಮಾದರಿಗಳು ಗೋವಾದ ಶೀತಲ ಪ್ರಯೋಗಾಲಯ ತಲುಪುವವರೆಗೆ ಒಮ್ಮೆಯೂ ಕರಗಬಾರದು, ಆದ್ದರಿಂದ ಹಡಗಿನ ಶೀತಲ ಪೆಟ್ಟಿಗೆಯ ಉಷ್ಣತೆಯನ್ನು ಪಾಳಿ ಹಚ್ಚಿ ದಾಖಲಿಸಿ. ಕೇಂದ್ರದ ಕಸವನ್ನು ವಿಂಗಡಿಸಿ, ಡ್ರಮ್‌ಗಳಲ್ಲಿ ಮುಚ್ಚಿ ಅದೇ ಹಡಗಿನಲ್ಲಿ ಹೊರತರಬೇಕು. ಈ ಕೆಲಸದಲ್ಲಿ ವಿಜ್ಞಾನಿ, ಅಡುಗೆಯವರು ಎಂಬ ಭೇದವಿಲ್ಲ.

ದತ್ತಾಂಶವನ್ನು ಎನ್‌ಸಿಪಿಒಆರ್‌ನ ರಾಷ್ಟ್ರೀಯ ಧ್ರುವ ದತ್ತಾಂಶ ಕೇಂದ್ರಕ್ಕೆ ಸಲ್ಲಿಸುವುದು ಕೊನೆಯ ಕರ್ತವ್ಯ. ಧ್ರುವಕ್ಕೆ ಹೋಗಲು ಆರೋಗ್ಯವೋ ಮನೆಯ ಪರಿಸ್ಥಿತಿಯೋ ಬಿಡದವರಿಗೆ ಕೆಲಸ ಆರಂಭವಾಗುವುದು ಇಲ್ಲಿಂದಲೇ: ಅಲ್ಲಿ ಸಂಗ್ರಹವಾದ ದತ್ತಾಂಶವನ್ನು ಕೋರಿ ಪಡೆದು ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ಕೊಣಾಜೆಯಲ್ಲೋ ಕುಳಿತು ವಿಶ್ಲೇಷಿಸಬಹುದು. ಅದಕ್ಕೆ ಮಾರ್ಗದರ್ಶಕರ ಒಪ್ಪಿಗೆಯ ಪತ್ರ, ಯಾವ ದತ್ತಾಂಶ ಯಾವ ಪ್ರಶ್ನೆಗಾಗಿ ಬೇಕು ಎಂಬ ಒಂದು ಪುಟದ ವಿವರಣೆ ಸಿದ್ಧಪಡಿಸಿಕೊಂಡು ದತ್ತಾಂಶ ಕೇಂದ್ರಕ್ಕೆ ಬರೆಯಿರಿ.